ದುರುಗವ್ವನ ಬಳೆಯ ತಾಮ್ರ

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಬೆಳಗಿನ ಹೊತ್ತು ವೇದಾಂತ, ಉಳಿದ ಹೊತ್ತು ಚಿನ್ನದ ಕೆಲಸ. ಎರಡಕ್ಕೂ ಗುರುಗಳು ಮೌನೇಶಾಚಾರ್ಯರೇ. ಶಿಷ್ಯರು ಹೆಚ್ಚಾಗಿ ಎರಡನೆಯದಕ್ಕೆ ಬರುತ್ತಿದ್ದರು.

ನೀಲಕಂಠ ಎಂಬ ಶಿಷ್ಯನ ಕಲಿಕೆ ಮುಗಿದು, ಮುದ್ರೆ ಪಡೆಯುವುದೊಂದೇ ಉಳಿದಿತ್ತು. ಹುಣ್ಣಿಮೆಯಂದು ಆಚೆ ದಡದ ಹಿರಿಯ ಅಕ್ಕಸಾಲಿಗರು ಬಂದು, ಶಿಷ್ಯ ಮಾಡಿದ ಒಡವೆಯನ್ನು ಒರೆಗಲ್ಲಿಗೆ ಉಜ್ಜಿ ನೋಡಿ, ಒಪ್ಪಿದರೆ ಅವನ ಹೆಸರಿನ ಮುದ್ರೆ ಕೊಡುವುದು ಅಲ್ಲಿಯ ಪದ್ಧತಿ. ಮುದ್ರೆ ಸಿಗದವನು ಇನ್ನೊಬ್ಬರ ಕುಲುಮೆ ಊದುತ್ತಲೇ ಮುದುಕನಾಗಬೇಕು.

ದೋಣಿ ನಡೆಸುವ ದುರುಗವ್ವ ಬಳೆ ಮಾಡಿಸಲು ಚಿನ್ನ ತಂದಳು. ಗುರುಗಳು ಹುಣ್ಣಿಮೆಯ ಒರೆಗೆಂದು ಅದನ್ನು ನೀಲಕಂಠನಿಗೆ ಕೊಟ್ಟರು.

"ಕೈ ಶುದ್ಧವಾಗಿರಲಿ" ಎಂದರು.

ನೀಲಕಂಠ ಚಿನ್ನಕ್ಕೆ ಪುಟ ಕೊಟ್ಟ. ಅದು ಅಪರಂಜಿಯಾಗುವವರೆಗೆ ಮತ್ತೆ ಮತ್ತೆ ಕೊಟ್ಟ. ತಾಮ್ರದ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ತಾಮ್ರ ಬೆರೆಸುವವರೆಲ್ಲ ಕಳ್ಳರು ಎಂಬುದು ಅವನ ಅಭಿಪ್ರಾಯ. ಅದನ್ನು ಕೇಳದವರಿಗೂ ಹೇಳುತ್ತಿದ್ದ.

ದುರುಗವ್ವ ಬಳೆ ತೊಟ್ಟು ಒಮ್ಮೆ ಹೊಳೆ ದಾಟಿ ಬಂದಳು. ಹುಟ್ಟು ಒತ್ತಿ ಬಳೆ ಸೊಟ್ಟಗಾಗಿತ್ತು. ಮೇಲೆ ಕೆತ್ತಿದ್ದ ಬಳ್ಳಿಯ ಎಲೆಗಳು ಮಾಸಿದ್ದವು. ನೀಲಕಂಠ ಬೆರಳಿನಿಂದಲೇ ಒತ್ತಿ ಅದನ್ನು ದುಂಡಗೆ ಮಾಡಿದ. ಬೆರಳಿಗೆ ಬಗ್ಗುವಷ್ಟು ಶುದ್ಧ ಚಿನ್ನ ಈ ಸೀಮೆಯಲ್ಲಿ ಇನ್ನಾರು ಮಾಡಿದ್ದಾರೆ ಎಂದು ಸುತ್ತ ನಿಂತವರನ್ನು ಕೇಳಿದ.

ಗುರುಗಳಿಗೂ ಅದು ಕೇಳಿಸಿತು. ಅವರು ಇಕ್ಕಳ ಒರೆಸುತ್ತಿದ್ದರು. ಒರೆಸಿ ಮುಗಿಸಿದರು.

ಹುಣ್ಣಿಮೆಯ ಬೆಳಿಗ್ಗೆ ಹಿರಿಯರು ಆಚೆ ದಡದಲ್ಲಿ ಕಾಣಿಸಿಕೊಂಡು ಕೈ ಬೀಸಿದರು. ದೋಣಿ ಹೊರಡಲಿಲ್ಲ.

ನೀಲಕಂಠ ಓಡಿದ. ದುರುಗವ್ವ ದಡಕ್ಕೆ ಎಳೆದ ದೋಣಿಯ ಅಂಚಿನಲ್ಲಿ ಕುಳಿತು, ಬಳೆಗೆ ಬಿಸಿಲು ಬೀಳುವಂತೆ ಕೈ ಚಾಚಿದ್ದಳು.

"ಹುಟ್ಟು ಹಿಡದ್ರ ಬಳಿ ಸೊಟ್ಟ ಆಗ್ತೈತಿ, ತಮ್ಮಾ. ಇಂಥಾ ಅಪರಂಜಿ ಕೆಡಸ್ಲೇನು?"

ತೆಗೆದು ಪೆಟ್ಟಿಗೆಯಲ್ಲಿಟ್ಟು ಬಾ, ಅಲ್ಲಿ ಭದ್ರವಾಗಿರುತ್ತದೆ ಎಂದ ನೀಲಕಂಠ.

"ಪೆಟ್ಟಿಗ್ಯಾಗ ಇಡೂದಾದ್ರ ಚಿನ್ನದ ಗಟ್ಟಿನ ಸಾಕಿತ್ತಲ್ಲ, ಬಳಿ ಯಾಕ ಮಾಡಸ್ತಿದ್ದೆ? ಮಂದಿ ನನ್ನ ಕೈ ನೋಡೂದ ದೋಣ್ಯಾಗ."

ನೀಲಕಂಠ ಗುರುಗಳ ಬಳಿಗೆ ಬಂದ.

"ಗುರುಗಳೇ, ಹಿರಿಯರು ಹಿಂದಿರುಗಿಬಿಡುತ್ತಾರೆ. ದೋಣಿ ಬರುತ್ತಿಲ್ಲ."

"ದೋಣಿ ಒಡೆದಿದೆಯೇ?"

"ಇಲ್ಲ."

"ಹುಟ್ಟು ಮುರಿದಿದೆಯೇ?"

"ಇಲ್ಲ. ಬಳೆ ಬಹಳ ಶುದ್ಧವಾಗಿದೆ."

ಗುರುಗಳು ತಾಮ್ರದ ಡಬ್ಬಿಯನ್ನು ಅವನ ಮುಂದಿಟ್ಟರು.

ನೀಲಕಂಠ ಅದನ್ನು ಮುಟ್ಟಲಿಲ್ಲ. "ಇದನ್ನು ಹಾಕಿದರೆ ಒರೆಗಲ್ಲು ಹೇಳಿಬಿಡುತ್ತದೆ. ನನ್ನ ಮುದ್ರೆ ಹೋಗುತ್ತದೆ."

"ಹಾಕಿದ್ದನ್ನು ನೀನೇ ಹೇಳಿದರೆ, ಕಲ್ಲಿಗೆ ಹೇಳಲು ಏನು ಉಳಿಯುತ್ತದೆ?"

ನೀಲಕಂಠ ಹೊಳೆಯ ಕಡೆ ನೋಡಿದ. "ಆಗಲೇ ಗಂಟು ಕೈಗೆತ್ತಿಕೊಂಡಿದ್ದಾರೆ."

"ಅದು ಬುತ್ತಿಗಂಟು. ಉಂಡ ಮೇಲೆ ಮಲಗುತ್ತಾರೆ. ನಿನಗೆ ಹೊತ್ತಿದೆ."

ನೀಲಕಂಠ ದುರುಗವ್ವನಿಗೆ ವಿಷಯ ತಿಳಿಸಿದ. ಇಪ್ಪತ್ನಾಲ್ಕು ಪಾಲಿನಲ್ಲಿ ಎರಡು ಪಾಲು ತಾಮ್ರ ಬರುತ್ತದೆ, ಬಳೆಯ ತೂಕ ಹಾಗೇ ಇರುತ್ತದೆ, ಮಿಕ್ಕ ಚಿನ್ನ ಅವಳಿಗೇ ವಾಪಸು ಎಂದ. ಅವಳು ಬಳೆ ಬಿಚ್ಚಿಕೊಟ್ಟಳು. ಕುಲುಮೆ ಬಿಡದೆ ಎದುರಿಗೇ ಕುಳಿತಳು, ಅಪರಂಜಿಯ ಬಗ್ಗೆ ಅವನು ಊರಿಗೆಲ್ಲ ಹೇಳಿದ್ದನ್ನು ಅವನಿಗೇ ಒಂದೊಂದಾಗಿ ನೆನಪಿಸುತ್ತ.

ಹೊತ್ತು ಇಳಿಯುವಾಗ ಬಳೆ ಸಿದ್ಧವಾಯಿತು. ಜೊತೆಗೆ ಅಪರಂಜಿಯ ಒಂದು ಸಣ್ಣ ಗುಂಡು.

"ಇದು ಪೆಟ್ಟಿಗೆಗೆ" ಎಂದ ನೀಲಕಂಠ.

ದುರುಗವ್ವ ಬಳೆ ತೊಟ್ಟು ದೋಣಿಯ ಅಂಚಿಗೆ ಕುಟ್ಟಿ ನೋಡಿದಳು. ಬಳೆ ದುಂಡಗೇ ಇತ್ತು. ಅವಳು ಹುಟ್ಟು ಹಿಡಿದಳು.

ಹಿರಿಯರು ಬಂದಿಳಿದು ಬಳೆ ಕೇಳಿದರು. ಇನ್ನು ಅದನ್ನು ಬಿಚ್ಚುವುದಿಲ್ಲ, ಬೇಕಾದರೆ ಕಲ್ಲನ್ನೇ ಇತ್ತ ತನ್ನಿ ಎಂದಳು ದುರುಗವ್ವ. ತಂದರು. ಅವಳು ಕೈ ಚಾಚಿದಳು. ಕಲ್ಲಿನ ಮೇಲೆ ಗೆರೆ ಮೂಡಿತು, ತುಸು ಕೆಂಪಾಗಿ.

"ತಾಮ್ರವಿದೆ" ಎಂದರು ಹಿರಿಯರಲ್ಲಿ ದೊಡ್ಡವರು.

"ಎರಡು ಪಾಲು" ಎಂದ ನೀಲಕಂಠ. ಅವನು ತಲೆ ತಗ್ಗಿಸಲಿಲ್ಲ. "ನಾನೇ ಹಾಕಿದ್ದು. ಅವಳಿಗೆ ಹೇಳಿ ಹಾಕಿದ್ದು."

ದೊಡ್ಡವರು ಗೆರೆಯನ್ನು ಇನ್ನೊಮ್ಮೆ ನೋಡಿದರು. ಎರಡೇ ಪಾಲು ಇತ್ತು. ಬಳೆಯನ್ನು ಬೆರಳಿನಿಂದ ಒತ್ತಿದರು. ಅದು ಬಗ್ಗಲಿಲ್ಲ. ಚೀಲದಿಂದ ಮುದ್ರೆ ತೆಗೆದು ನೀಲಕಂಠನ ಅಂಗೈಯಲ್ಲಿಟ್ಟರು.

ಆದರೂ ದಿನವಿಡೀ ಕಾದ ಬೇಸರವಿತ್ತು. ಗುರುಗಳ ಕಡೆ ತಿರುಗಿ ಕೇಳಿದರು: "ಆಚಾರ್ಯರೇ, ನಿಮ್ಮ ಶಿಷ್ಯನ ಅಪರಂಜಿ ಬಳೆ ನೋಡಬೇಕೆಂದು ಅಷ್ಟು ದೂರದಿಂದ ಬಂದೆವು. ಅದೆಲ್ಲಿ?"

"ಬೆಳಿಗ್ಗೆ ಇತ್ತು" ಎಂದರು ಗುರುಗಳು. "ಆಗ ತಾವು ಆಚೆ ದಡದಲ್ಲಿದ್ದಿರಿ."