ತುಕ್ಕು ಹಿಡಿದ ಟ್ರಕ್ಕಿನ ಗುಡುಗು

ನಿವೃತ್ತ ಸುಬೇದಾರ್ ಮುದ್ದಪ್ಪನವರು ಗುಜರಿಯಲ್ಲಿ ಸಿಕ್ಕ ಸೇನೆಯ ಎರಡು ಹಳೆಯ ಟ್ರಕ್ಕುಗಳನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಎರಡೂ ಒಂದೇ ಮಾದರಿಯವು. ಒಂದರ ಮೈ ಗಟ್ಟಿಯಾಗಿತ್ತು, ಎಂಜಿನ್ ಸತ್ತಿತ್ತು. ಇನ್ನೊಂದರ ಮೈಯೆಲ್ಲ ತುಕ್ಕು. ಮುದ್ದಪ್ಪನವರು ಗಟ್ಟಿ ಮೈಯದನ್ನೇ ಉಜ್ಜಿ ತೊಳೆದು ಹಸಿರು ಬಣ್ಣ ಬಳಿಯತೊಡಗಿದಾಗ ತುಕ್ಕಿನ ಟ್ರಕ್ಕಿಗೆ ಹೊಟ್ಟೆ ಉರಿಯಿತು.

"ಕೆಮ್ಮಲೂ ಬಾರದ ನಿನಗೆ ಈ ಸಿಂಗಾರ ಬೇರೆ ಕೇಡು!" ಎಂದು ಅದು ಹಂಗಿಸಿತು.

"ಆರಿಸಿದವರು ಯಜಮಾನರು. ನೀನೂ ಸ್ವಲ್ಪ ತಾಳು," ಎಂದಿತು ಹಸಿರು ಟ್ರಕ್ಕು.

"ನಾನೇಕೆ ತಾಳಲಿ? ನನ್ನ ತಾಕತ್ತೇನೆಂದು ಅವರಿಗೆ ತೋರಿಸುತ್ತೇನೆ."

ಮರುದಿನ ಮುದ್ದಪ್ಪನವರು ಎಂಜಿನ್ ಓಡುತ್ತದೋ ನೋಡೋಣವೆಂದು ತುಕ್ಕಿನದಕ್ಕೂ ಹ್ಯಾಂಡಲ್ ಹಾಕಿ ತಿರುಗಿಸಿದರು. ತುಕ್ಕಿನ ಟ್ರಕ್ಕು ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಒಂದೇ ಸುತ್ತಿಗೆ ಗುಡುಗಿತು. ಮುದ್ದಪ್ಪನವರು ಕುಣಿದಾಡಿಬಿಟ್ಟರು. "ಅಯ್ಯೋ ನನ್ನ ಚಿನ್ನ, ಇಂಥ ಎಂಜಿನ್ನಿಗಾಗಿ ಊರೂರು ಅಲೆದೆನಲ್ಲೋ!"

"ಕೇಳಿಸಿತೇ?" ಎಂದು ತುಕ್ಕಿನ ಟ್ರಕ್ಕು ಪಕ್ಕದ್ದನ್ನು ಕೆಣಕಿತು.

ವಾರ ಕಳೆಯುವುದರೊಳಗೆ ಆ ಎಂಜಿನ್ ಹಸಿರು ಟ್ರಕ್ಕಿನೊಳಗೆ ಕೂತಿತ್ತು. ಅದು ಶೆಡ್ಡಿನಿಂದ ಹೊರಟಾಗ ಊರವರು ಚಪ್ಪಾಳೆ ತಟ್ಟಿದರು. ತುಕ್ಕಿನ ಟ್ರಕ್ಕು ಖಾಲಿ ಬಾನೆಟ್ಟು ಹೊತ್ತು, ತನ್ನದೇ ದನಿ ದೂರವಾಗುವುದನ್ನು ಕೇಳುತ್ತ ನಿಂತಿತು.