ಕೂಸು ಹಿಡಿಯದ ಕಡ್ಡಿ

"ಕೇಳಿರಪ್ಪೋ ಕೇಳಿರಿ! ರಾಣಿ ಪದ್ಮಲೆಯವರ ಮೂರು ಒಗಟು ಬಿಡಿಸಿದವನ ಮಾತೇ ತೀರ್ಪು. ತಪ್ಪಿದವನಿಗೆ ತಲೆದಂಡ!"

ಡಂಗುರದವನು ಹೀಗೆ ಸಾರುತ್ತಾ ಸಂತೆಗೆ ಬಂದಾಗ ಕುರಿ ಕಾಯುವ ಬೀರ ಮಾರಲು ಕಂಬಳಿ ಹರವಿಕೊಂಡು ಕೂತಿದ್ದ. ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ರಾಜ ಬೊಮ್ಮರಸನಿಗೂ ರಾಣಿಗೂ ಕೂಡಿಬರಲಿಲ್ಲ. ಆ ಸೀಮೆಯ ಪದ್ಧತಿಯಂತೆ ಇಬ್ಬರೂ ಹಿರಿಯರ ಮುಂದೆ ಒಂದು ಕಡ್ಡಿಯ ಎರಡು ತುದಿ ಹಿಡಿದು ಮುರಿದರು. ಅಲ್ಲಿಗೆ ಮದುವೆ ಹರಿಯಿತು. ರಾಣಿ ಮಗಳು ಸಿರಿಯವ್ವನನ್ನು ಕರೆದುಕೊಂಡು ತವರಿನ ಕೋಟೆ ಸೇರಿದಳು. ಮಗಳನ್ನು ಆಗಾಗ ನೋಡಬೇಕೆಂದು ರಾಜ ಹೇಳಿಕಳಿಸಿದಾಗ ಅವಳು ಹೂಡಿದ್ದೇ ಈ ಒಗಟು. ಯುಗಾದಿಯೊಳಗೆ ಯಾರೂ ಬಿಡಿಸದಿದ್ದರೆ ಅಪ್ಪ ಮಗಳು ಮತ್ತೆ ಮುಖ ನೋಡುವಂತಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಗಾದೆ ಅರಮನೆಗೂ ಸಲ್ಲುತ್ತದೆ, ನೋಡಿ.

ಬೀರನೂ ಕಡ್ಡಿ ಮುರಿದ ಮನೆಯ ಮಗನೇ. ಅವ್ವನ ಗುಡಿಸಲು, ಅಪ್ಪನ ಕುರಿಹಟ್ಟಿ ಎರಡರ ನಡುವೆ ನಡೆದು ನಡೆದು ಬೆಳೆದವನು. ಅವನು ಕಂಬಳಿ ಮಡಚಿ ಕೋಟೆಯ ದಾರಿ ಹಿಡಿದ.

ಅಲ್ಲಿ ಆಗಲೇ ಪರೀಕ್ಷೆ ನಡೆದಿತ್ತು. "ಕಡ್ಡಿ ಮುರಿದ ಮೇಲೂ ಮುರಿಯದೆ ಉಳಿದದ್ದು ಯಾವುದು?" ಎಂದಳು ರಾಣಿ.

"ತಮ್ಮ ಕೀರ್ತಿ, ಮಹಾತಾಯಿ," ಎಂದ ಪಂಡಿತ. "ರಾಜರ ಹಟ," ಎಂದ ಸೇನಾಪತಿಯ ಮಗ. ಬೆಣ್ಣೆ ಹಚ್ಚಿದವನೂ ಬೆಂಕಿ ಹಚ್ಚಿದವನೂ ಒಟ್ಟಿಗೇ ಸೆರೆಮನೆ ಸೇರಿದರು. ಇಬ್ಬರ ತಲೆಗೂ ಯುಗಾದಿಯ ಮರುದಿನದ ಮುಹೂರ್ತ.

ಬೀರ ಮುಂದೆ ಬಂದ. ರಾಣಿಯ ಪಕ್ಕದಲ್ಲಿ ತಲೆ ಎತ್ತದೆ ಕೂತಿದ್ದ ಸಿರಿಯವ್ವನನ್ನು ನೋಡಿ ಧೈರ್ಯ ತಂದುಕೊಂಡ.

"ತಾಯೀ, ಕಡ್ಡಿ ಹಿಡದವರು ನೀವಿಬ್ಬರು. ಕೂಸಿನ ಕೈಗೆ ಯಾರೂ ತುದಿ ಕೊಡಲಿಲ್ಲ. ಕೂಸಿನ ನಂಟು ಮುರದಿಲ್ರಿ."

ರಾಣಿಯ ಮುಖ ಬಿಗಿಯಿತು. "ತೂಕವಿಲ್ಲದ್ದು, ಆದರೂ ಸಣ್ಣವರ ಹೆಗಲನ್ನೇ ಜಗ್ಗುವುದು. ಏನದು?"

"ನುಂಗಿಕೊಂಡ ಮಾತು. ನಮ್ಮಪ್ಪನ ಹಟ್ಟ್ಯಾಗ ಅವ್ವನ ಹೆಸರು ಎತ್ತಂಗಿರಲಿಲ್ಲ. ಅವ್ವನ ಮುಂದ ಅಪ್ಪ ಕೊಟ್ಟ ಬೆಲ್ಲದ ಸುದ್ದಿ ಹೇಳಂಗಿರಲಿಲ್ಲ. ಆ ಹೊರೆ ನಾ ಹೊತ್ತೀನ್ರಿ."

ಸಿರಿಯವ್ವ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು.

ರಾಣಿಯ ದನಿ ಇಳಿಯಿತು. "ಕೇಳುವವರದೂ ಅಲ್ಲ, ಕೊಡಲೊಲ್ಲದವರದೂ ಅಲ್ಲ. ಆದರೂ ಇಬ್ಬರೂ ತಮ್ಮದೆಂದು ಕಾದಾಡುವುದು ಯಾವುದು?"

"ಭೇಟಿಯ ಹಕ್ಕು, ತಾಯಿ. ಅದು ರಾಜರದಲ್ಲ, ನಿಮ್ಮದೂ ಅಲ್ಲ. ಅಪ್ಪನ್ನ ನೋಡೋ ಹಕ್ಕು ಕೂಸಿಂದು. ಇರೋದು ನಿಮ್ಮ ಹತ್ತಿರ ಇರಲಿ. ಹುಣ್ಣಿಮಿಗೊಮ್ಮೆ ಹೋಗಿ ಬರಲಿ. ಇದೇ ನನ್ನ ತೀರ್ಪು."

ರಾಣಿ ಮಗಳ ಕಡೆ ತಿರುಗಿ ನೋಡಿದಳು.

"ಮೂರೂ ಸರಿ. ಇದನ್ನು ಯಾರಾದರೂ ಹೇಳಲಿ ಅಂತ ಕಾದಿದ್ದೆನೋ, ಯಾರೂ ಹೇಳದಿರಲಿ ಅಂತ ಕಾದಿದ್ದೆನೋ, ನನಗೇ ತಿಳಿಯದು," ಎಂದು ಕಣ್ಣೊರೆಸಿಕೊಂಡಳು. "ಏನು ಬೇಕು, ಕೇಳಪ್ಪ."

ಬೀರ ಸೆರೆಯಲ್ಲಿದ್ದ ಇಬ್ಬರ ತಲೆ ಉಳಿಸಬೇಕೆಂದು ಕೇಳಿದ. ರಾಣಿ ಅವರನ್ನು ಬಿಡಿಸಿದ್ದಲ್ಲದೆ, ಕುರಿ ಮೇಯಲು ಒಂದು ಹುಲ್ಲುಗಾವಲನ್ನೂ ಅವನಿಗೆ ಉಂಬಳಿ ಕೊಟ್ಟಳು.

ಹುಣ್ಣಿಮೆಯ ಬೆಳಿಗ್ಗೆ ರಾಜನ ಪಲ್ಲಕ್ಕಿ ಬಾಗಿಲಿಗೆ ಬಂತು. ಹತ್ತುವ ಮುನ್ನ ಸಿರಿಯವ್ವ ಹೆದರುತ್ತಲೇ ಕೇಳಿದಳು: "ಅವ್ವಾ, ಅಪ್ಪ ಕೇಳಿದರ ನಿನ್ನ ಸುದ್ದಿ ಹೇಳಲೇನು?"

ರಾಣಿ ಮಗಳ ಸೆರಗು ಸರಿಮಾಡಿದಳು. "ಹೇಳವ್ವ. ಬಂದ ಮೇಲೆ ಅಪ್ಪನ ಸುದ್ದಿ ನನಗೂ ಹೇಳು."