ಮಡಕಿಹಾಳದ ಬುತ್ತಿಗಲ್ಲು

ಮಡಕಿಹಾಳದ ಪಡುವಣ ಅಂಚಿನಲ್ಲಿ, ದಾರಿ ಹೊಳೆಯ ಕಡೆಗೆ ಇಳಿಯುವಲ್ಲಿ, ಹೊರಸುಮಂಚದಷ್ಟು ಅಗಲದ ಕರಿಕಲ್ಲೊಂದು ಬೇವಿನ ನೆರಳಿನಲ್ಲಿದೆ. ಅದರ ನಡುವೆ ರೊಟ್ಟಿಯಗಲದ ತಗ್ಗು. ನೆಂಟರನ್ನು ಕಳುಹಿಸಲು ಬಂದ ಮನೆಯೊಡತಿ ಬುತ್ತಿಯ ಗಂಟನ್ನು ಅವರ ಕೈಗೆ ಕೊಡದೆ ಆ ತಗ್ಗಿನಲ್ಲಿಡುತ್ತಾಳೆ. ಇನ್ನೆರಡು ದಿನ ಇರಿ ಎಂಬ ಉಪಚಾರದ ಮಾತನ್ನು ಮಾತ್ರ ಆಡುವುದಿಲ್ಲ. ಹೊಸಬರು ಇದನ್ನು ಒರಟುತನವೆಂದು ಭಾವಿಸುತ್ತಾರೆ. ಅದು ಒರಟುತನವಲ್ಲ.

ಹಿಂದೆ ಒಮ್ಮೆ, ಈ ದಾರಿಯಲ್ಲಿ ಇನ್ನೂ ಗಾಡಿಜಾಡು ಮೂಡದಿದ್ದ ಕಾಲದಲ್ಲಿ, ನಿಂಬೆವ್ವ ಎಂಬವಳು ಇಲ್ಲಿಯ ಸೊಸೆಯಾಗಿದ್ದಳು ಎನ್ನುತ್ತಾರೆ. ಅವಳ ಅಂಗಳ ಮಾಸಿದ್ದನ್ನು, ಅವಳು ದನಿಯೇರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲಿಗೆ ಬಂದವರು ಎಷ್ಟೇ ಭಾರವಾದರೂ 'ಇರ್ರಿ' ಎನ್ನಬೇಕೆಂದು ಅವಳ ತಾಯಿ ಕಲಿಸಿದ್ದಳು. ಊರಿನ ಕಟ್ಟಳೆಯೂ ಬಿಗಿಯಾಗಿತ್ತು. ಮನೆಯಲ್ಲಿ ನೆಂಟರಿರುವಾಗ ಒಡತಿ ಊರಗಡಿ ದಾಟುವಂತಿರಲಿಲ್ಲ. ಅವರನ್ನು ಹೋಗಿ ಎನ್ನುವಂತಿರಲಿಲ್ಲ. ಕೆಟ್ಟ ಸುದ್ದಿಯನ್ನು ಅವರ ಕಿವಿಗೆ ಹಾಕುವುದೂ ಹೊರದೂಡಿದಂತೆಯೇ ಆಗುತ್ತಿತ್ತು. ಬುತ್ತಿ ಕಟ್ಟಿ ಊರಂಚಿನ ಕಲ್ಲಿನ ಮೇಲಿಟ್ಟರೆ ತಿಳಿದವರು ತಾವಾಗಿ ಹೊರಡುತ್ತಿದ್ದರು.

ಆ ವರ್ಷ ನಾಗರಪಂಚಮಿಯ ಉಂಡಿ ತಿನ್ನಲೆಂದು ಗಂಡನ ಸೋದರಮಾವ ಅಡಿವೆಪ್ಪ ಹೆಂಡತಿಯೊಡನೆ ಹೊಳೆಯಾಚೆಯಿಂದ ಬಂದ. ಎರಡು ದಿನಕ್ಕೆಂದು ಬಂದವರು ಹದಿನೈದು ದಿನ ಕಳೆದರೂ ಏಳಲಿಲ್ಲ. ಅಷ್ಟರಲ್ಲಿ ನಿಂಬೆವ್ವನ ತವರಿನ ಕುಂಬಾರ ಗಡಿಗೆ ಮಾರುವ ನೆಪದಲ್ಲಿ ಹಿತ್ತಿಲಿಗೆ ಬಂದು, "ನಿಮ್ಮವ್ವ ಹಾಸಗಿ ಹಿಡದಾಳ. ಬಾಗಲ ಕಡೆ ನೋಡೂದ ಬಿಟ್ಟಿಲ್ಲ" ಎಂದ. ತವರು ಒಂದು ದಿನದ ದಾರಿ. ಗಂಡನಿಗೆ ತಿಳಿಸಿದರೆ ಅವನು ನೆಲ ನೋಡಿದ. "ಮಾವ ಅದಾನಲ್ಲ, ನಾ ಹೆಂಗ ಹೇಳ್ಲಿ?"

ಮರುದಿನ ನಿಂಬೆವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಲ್ಲಿನ ಮೇಲಿಟ್ಟು ನೆಂಟರನ್ನು ಕರೆದು ತೋರಿಸಿದಳು. ಅಡಿವೆಪ್ಪನ ಮುಖ ಅರಳಿತು. "ನೋಡ, ಸೊಸಿ ಅಂದ್ರ ಹಿಂಗಿರಬೇಕು! ನೆರಳಾಗ ಕುಂತು ಉಣ್ಣಾಕ ಕಟ್ಯಾಳ!" ಗಂಡ ಹೆಂಡತಿ ಅಲ್ಲೇ ಕುಳಿತು ಉಂಡು, ಒಂದು ನಿದ್ದೆ ತೆಗೆದು, ಸಂಜೆ ಮನೆಗೆ ಮರಳಿದರು. ಹೊಸ್ತಿಲಲ್ಲಿ ನಿಂತವರನ್ನು ಕಂಡು ನಿಂಬೆವ್ವನ ಬಾಯಿ ರೂಢಿಯಂತೆ, "ಬರ್ರಿ, ಇನ್ನೆರಡ ದಿನ ಇರ್ರಿ" ಎಂದಿತು. ಹನ್ನೊಂದು ದಿನ ಹೀಗೆಯೇ ನಡೆಯಿತು. ಬೆಳಿಗ್ಗೆ ಬುತ್ತಿ, ಸಂಜೆ ಉಪಚಾರ. ನಡುವೆ ಒಮ್ಮೆ ಅಡಿವೆಪ್ಪ, "ನಾಳಿಗೆ ಒಂದೀಟ ಮೊಸರ ಇಡವಾ, ಖಾರ ಮುಂದಾಗೇತಿ" ಎಂದೂ ಹೇಳಿದ. ಅವಳು ಮೊಸರನ್ನೂ ಇಟ್ಟಳು.

ಹನ್ನೆರಡನೆಯ ದಿನ ಕುಂಬಾರ ಮತ್ತೆ ಬಂದ. ಈ ಸಲ ಅವನ ತಲೆಯ ಮೇಲೆ ಗಡಿಗೆಗಳಿರಲಿಲ್ಲ. ನಿಂಬೆವ್ವ ಹಿತ್ತಿಲಲ್ಲೇ ಕುಳಿತು ಅತ್ತಳು. ಅವಳ ಅಳು ಕೇಳಿ ಓಡಿಬಂದ ಅಡಿವೆಪ್ಪ ಸಂಗತಿ ತಿಳಿದು ತಲೆಯ ರುಮಾಲು ತೆಗೆದು ಅವಳ ಮುಂದೆ ಕುಳಿತ. "ಯವ್ವಾ, ನಮ್ಮ ಕಡೆ ಇರ್ರಿ ಅಂದವರ ಮಾತು ಮುರದ ಹೋಗೂದು ಪಾಪ. ದಿನಾ ಸಂಜಿಕ ನೀನ ಇರ್ರಿ ಅಂದಿ. ನಮ್ಮ ಹೊಲದಾಗ ಕಸ ಎದಿಮಟ ಬೆಳದೈತಿ. ನೀ ಒಂದಿನ ಸುಮ್ಮನಿದ್ದಿದ್ರ ಅವತ್ತ ಹೋಗ್ತಿದ್ವಿ."

ನಿಂಬೆವ್ವನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ನೆಂಟರನ್ನು ಕಟ್ಟಿಹಾಕಿದ್ದು ಅವಳದೇ ನಾಲಿಗೆ, ಆ ನಾಲಿಗೆಯನ್ನು ತಿದ್ದಿದ್ದು ಬಾಗಿಲು ನೋಡುತ್ತಲೇ ಸತ್ತ ತಾಯಿ. ಅವಳು ಒಲೆಯ ಮುಂದೆ ಕುಳಿತು ಕೊನೆಯ ಬುತ್ತಿ ಕಟ್ಟಿ, ಕಲ್ಲಿನ ಮೇಲಿಟ್ಟು, ಒಂದು ಮಾತೂ ಆಡದೆ ನಿಂತಳು. ಅವರು ಹೊರಟರು. ಅವಳು ತವರು ಮುಟ್ಟುವಾಗ ತಾಯಿಯ ಮಣ್ಣು ಮುಗಿದುಹೋಗಿತ್ತು. ಆಮೇಲೆ ಬದುಕಿರುವವರೆಗೆ ಯಾರು ಬಂದರೂ ಅವಳು ಹೊಟ್ಟೆ ತುಂಬ ಬಡಿಸಿದಳು. ಇರ್ರಿ ಎಂದು ಮಾತ್ರ ಯಾರಿಗೂ ಅನ್ನಲಿಲ್ಲ.

ಆ ಕಲ್ಲಿಗೆ ಬುತ್ತಿಗಲ್ಲು ಎಂಬ ಹೆಸರು ಅಂದಿನಿಂದ ಬಂತು. ತಗ್ಗು ಅವಳು ಗಂಟಿಟ್ಟ ಗುರುತೆಂದು ಊರವರು ತೋರಿಸುತ್ತಾರೆ. ಇಂದಿಗೂ ಅಲ್ಲಿ ಬುತ್ತಿ ಇಡುವ ಹೆಂಗಸರ ತುಟಿ ಬಿಗಿದೇ ಇರುತ್ತದೆ. ನೆಂಟರು ತಿರುವಿನಲ್ಲಿ ಮರೆಯಾದ ಮೇಲೆ ಅವರು ಮನೆಗೆ ಮರಳುವ ಮೊದಲು ಒಮ್ಮೆ ನಿಂತು, ತಂತಮ್ಮ ತವರಿನ ದಿಕ್ಕಿಗೆ ನೋಡುತ್ತಾರೆ.